ಗಂಟಲಿಗಿಳಿದ ಹನಿ

ಆ ಪುಟ್ಟ ಸೀಸೆಯನ್ನು ಅಪ್ಪ ಕಣ್ಣಾರೆ ನೋಡಿದರೋ ಇಲ್ಲವೋ ಎಂಬ ವಿಷಯದಲ್ಲಿ ನನಗೂ ಅಕ್ಕನಿಗೂ ಇವತ್ತಿಗೂ ಒಮ್ಮತವಿಲ್ಲ. ನೋಡಿದರು ಎನ್ನುತ್ತೇನೆ ನಾನು. ಅಷ್ಟು ಹೊತ್ತಿಗೆ ಅವರಿಗೆ ಏನೂ ಕಾಣುತ್ತಿರಲಿಲ್ಲ ಎನ್ನುತ್ತಾಳೆ ಅವಳು. ನಾನು ವಿಜ್ಞಾನ ಓದಿದವನು, ಸಾಕ್ಷಿ ಇಲ್ಲದ ಮಾತನ್ನು ನಂಬಬೇಡಿ ಎಂದು ಮಕ್ಕಳಿಗೆ ಪಾಠ ಹೇಳಿಯೇ ಸಂಬಳ ತೆಗೆದುಕೊಂಡವನು. ಈ ಒಂದು ವಿಷಯದಲ್ಲಿ ಸಾಕ್ಷಿಯೆಲ್ಲ ಅಕ್ಕನ ಕಡೆಗಿದೆ. ನನ್ನ ಕಡೆಗೆ ಇರುವುದು ಆಸೆ ಮಾತ್ರ.

ಅಪ್ಪನದು ನಂಜನಗೂಡಿನ ಪೇಟೆಯಲ್ಲಿ ಬೆಲ್ಲ, ಬೇಳೆ, ಎಣ್ಣೆಯ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಬೆಳಿಗ್ಗೆ ಸ್ನಾನ ಮಾಡಿ, ಇಷ್ಟಲಿಂಗದ ಪೂಜೆ ಮುಗಿಸಿದ ಮೇಲೆಯೇ ಅವರು ಅಂಗಡಿಯ ಹಲಗೆ ತೆಗೆಯುತ್ತಿದ್ದದ್ದು. ಪೂಜೆಗೆ ಮುಂಚೆ ಬಾಯಿಗೆ ಒಂದು ತೊಟ್ಟು ನೀರೂ ಇಲ್ಲ. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈ ಮೇಲಿಟ್ಟು, ವಿಭೂತಿ ಪತ್ರೆ ಏರಿಸಿ, ಆಮೇಲೆ ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ದೃಷ್ಟಿ ನೆಡುತ್ತಿದ್ದರು. ಪಕ್ಕದಲ್ಲಿ ಎಣ್ಣೆಯ ದೀಪ. ಲಿಂಗದ ನುಣುಪಾದ ಕಪ್ಪಿನ ಮೇಲೆ ದೀಪದ ಬೆಳಕು ಒಂದು ಚುಕ್ಕಿಯಾಗಿ ಕೂರುತ್ತದೆ. ರೆಪ್ಪೆ ಬಡಿಯದೆ ಆ ಚುಕ್ಕಿಯನ್ನೇ ನೋಡಬೇಕು. ನೋಡುತ್ತಾ ನೋಡುತ್ತಾ ಅಂಗೈ, ಗೋಡೆ, ಮನೆ ಎಲ್ಲ ಕರಗಿ ಚುಕ್ಕಿಯೊಂದೇ ಉಳಿಯಬೇಕು ಎಂದು ಅವರಿಗೆ ದೀಕ್ಷೆ ಕೊಟ್ಟ ಸ್ವಾಮಿಗಳು ಹೇಳಿದ್ದರಂತೆ.

ನಾನು ಮೈಸೂರಿಗೆ ಓದಲು ಹೋದ ವರ್ಷವೇ ನನ್ನ ಲಿಂಗವನ್ನು ಬಿಚ್ಚಿ ಅವ್ವನ ಪೆಟ್ಟಿಗೆಯಲ್ಲಿಟ್ಟಿದ್ದೆ. ವಾದಕ್ಕೆ ಸಿದ್ಧನಾಗಿ ಬಂದಿದ್ದವನಿಗೆ ಅಪ್ಪ ವಾದವನ್ನೇ ಕೊಡಲಿಲ್ಲ. "ಬೇಕಾದಾಗ ಅಲ್ಲೇ ಇರ್ತದೆ ಬುಡು" ಅಂದರು ಅಷ್ಟೆ.

ತೊಂಬತ್ತರ ದಶಕದ ನಡುವಿನ ವರ್ಷಗಳಿರಬೇಕು, ಅಂಗಡಿಯಲ್ಲಿ ಒಂದು ತಮಾಷೆ ಶುರುವಾಯಿತು. ಗಿರಾಕಿಗಳು ಎದುರಿಗೆ ನಿಂತರೆ ಅಪ್ಪನಿಗೆ ಕಾಣುತ್ತಿದ್ದರು, ಪಕ್ಕದಲ್ಲಿ ನಿಂತರೆ ಇಲ್ಲ.

"ಏನ್ ಸಾವ್ಕಾರ್ರೇ, ಆಗ್ಲಿಂದ ಮಗ್ಗುಲಲ್ಲೇ ನಿಂತಿವ್ನಿ. ನಾನೇನು ದೆವ್ವವಾ?"

"ದೆವ್ವ ಆಗಿದ್ರೆ ಹಿಂಗೆ ಚೌಕಾಸಿ ಮಾಡ್ತಿರ್ನಿಲ್ಲ ಕಣಯ್ಯ. ಎದುರ್ಗ್ ಬಾ" ಎಂದು ಅಪ್ಪ ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಬಾಗಿಲ ಚೌಕಟ್ಟಿಗೆ ಅವರ ಭುಜ ತಾಗುವುದು, ಊಟದ ತಟ್ಟೆಯ ಪಕ್ಕದ ಲೋಟ ಉರುಳುವುದು, ಇವೆಲ್ಲ ವಯಸ್ಸಿನ ಲೆಕ್ಕಕ್ಕೆ ಹೋದವು.

ಕನ್ನಡಕ ಬದಲಾಯಿಸಲೆಂದು ಮೈಸೂರಿನ ಕಣ್ಣಿನ ಡಾಕ್ಟರ ಬಳಿಗೆ ಹೋದಾಗ ವಿಷಯ ಬೇರೆಯೇ ಆಯಿತು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿದೆ, ನರ ಸವೆಯುತ್ತಿದೆ, ಇದಕ್ಕೆ ಗ್ಲಾಕೋಮಾ ಅಂತಾರೆ ಎಂದರು ಡಾಕ್ಟರು. "ಹೋಗಿರೋ ದೃಷ್ಟಿ ವಾಪಸ್ ಬರಲ್ಲ ಯಜಮಾನ್ರೇ. ಇರೋದನ್ನ ಉಳಿಸ್ಕೋಬೇಕು. ಈ ಡ್ರಾಪ್ಸು ಬೆಳಿಗ್ಗೆ ಎದ್ದ ತಕ್ಷಣ ಒಂದು ಹನಿ, ರಾತ್ರಿ ಮಲಗೋ ಮುಂಚೆ ಒಂದು ಹನಿ. ತಪ್ಪಿಸ್ಬೇಡಿ."

"ಆಗ್ಲಿ ಸ್ವಾಮಿ" ಅಂದರು ಅಪ್ಪ. ಸೀಸೆ ಮುಗಿದಾಗ ಅವ್ವ ಮೆಡಿಕಲ್ ಸ್ಟೋರಿಗೆ ಹೇಳಿ ಇನ್ನೊಂದು ತರಿಸುತ್ತಿದ್ದಳು. ಮನೆಯಲ್ಲಿ ಎಲ್ಲರಿಗೂ ನೆಮ್ಮದಿ. ಆಮೇಲೆ ಹಲವು ಸಲ ನಾವು ಡಾಕ್ಟರ ಬಳಿಗೆ ಹೋಗಬೇಕಿತ್ತು. ಅಂಗಡಿ, ಅಕ್ಕನ ಮದುವೆ, ನನ್ನ ಪರೀಕ್ಷೆ, ಹೀಗೆ ಏನೇನೋ ಬಂದು ಎರಡೋ ಮೂರೋ ವರ್ಷ ಕಳೆದವು.

ಮತ್ತೆ ಹೋದಾಗ ಡಾಕ್ಟರು ಅಪ್ಪನನ್ನು ಒಂದು ಯಂತ್ರದ ಮುಂದೆ ಕೂರಿಸಿದರು. ಗವಾಕ್ಷಿಯಂಥದರೊಳಗೆ ಮುಖವಿಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಅಪ್ಪ ಬಹಳ ಹೊತ್ತು ಸುಮ್ಮನೇ ಕೂತಿದ್ದರು, ಗುಂಡಿ ಒತ್ತಿದ್ದು ಅಪರೂಪಕ್ಕೆ. ಯಂತ್ರದಿಂದ ಬಂದ ಕಾಗದದಲ್ಲಿ ಎಲ್ಲವೂ ಕಪ್ಪು, ನಡುವೆ ಕಡಲೆಕಾಳಿನಷ್ಟು ಬಿಳಿ. ಎಡಗಣ್ಣಿನ ಕಾಗದದಲ್ಲಿ ಅದೂ ಇಲ್ಲ.

"ಡ್ರಾಪ್ಸು ಸರಿಯಾಗಿ ಹಾಕ್ತಾ ಇದ್ರಾ?"

"ಹಾಕ್ಕತಾರೆ ಸಾ, ದಿನಾ ಹಾಕ್ಕತಾರೆ" ಎಂದಳು ಅವ್ವ.

ಅಪ್ಪ ಟೋಪಿಯನ್ನು ಮಡಿಲಲ್ಲಿ ತಿರುಗಿಸುತ್ತಾ ಕೂತಿದ್ದರು. "ರಾತ್ರಿ ಹಾಕ್ಕತೀನಿ" ಅಂದರು.

"ಬೆಳಿಗ್ಗೆ?"

"ಬೆಳಿಗ್ಗೆ ಅದು ಗಂಟ್ಲಿಗೆ ಬತ್ತದೆ ಸ್ವಾಮಿ. ಕಹಿ. ಕಣ್ಗೆ ಹಾಕುದ್ರೆ ಬಾಯಿಗ್ ಬತ್ತದೆ. ಪೂಜೆಗೆ ಮುಂಚೆ ನಾವು ಬಾಯಿಗೇನೂ ಹಾಕ್ಕಳಂಗಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಪೂಜೆ ಆದ್ಮೇಲೆ ಹಾಕ್ಕೋಬಹುದಿತ್ತಲ್ಲ ಯಜಮಾನ್ರೇ."

"ಎದ್ದ ತಕ್ಷಣ ಅಂದಿದ್ರಿ ತಾವು. ಹೊತ್ತು ಮೀರಿದ್ಮೇಲೆ ಹಾಕುದ್ರೆ ಏನೂ ಬರಕ್ಕಿಲ್ಲ ಅನ್ಕಂಡೆ."

ಅಪ್ಪ ತಪ್ಪಿಯೂ ಅವಿಧೇಯರಾಗಿರಲಿಲ್ಲ. ಡಾಕ್ಟರ ಮಾತನ್ನೂ ಮೀರದೆ, ಸ್ವಾಮಿಗಳ ಮಾತನ್ನೂ ಮೀರದೆ, ಎರಡರ ನಡುವೆ ಬೆಳಗಿನ ಹನಿಯನ್ನು ಬಿಟ್ಟುಕೊಟ್ಟಿದ್ದರು. ಪೂಜೆಯ ಮಾತನ್ನು ಡಾಕ್ಟರ ಬಳಿ ಎತ್ತುವುದು ಅವರಿಗೆ ಸಂಕೋಚ. ಡಾಕ್ಟರಿಗೋ, ಇಂಥದೊಂದು ಇರಬಹುದೆಂದು ಹೊಳೆಯುವ ಕಾರಣವೇ ಇರಲಿಲ್ಲ.

ವಾಪಸು ಬರುವಾಗ ನಂಜನಗೂಡಿನ ಬಸ್ಸಿನಲ್ಲಿ ಅಪ್ಪ ಕಿಟಕಿ ಪಕ್ಕ, ನಾನು ಅವರ ಪಕ್ಕ, ಅವ್ವ ಮುಂದೆ ಹೆಂಗಸರ ಸೀಟಿನಲ್ಲಿ. ಅಪ್ಪ ಅಲ್ಲಿ ಹೇಳಿದ್ದನ್ನು ನಾನು ಎಷ್ಟು ಕೇಳಿಸಿಕೊಂಡೆ, ಎಷ್ಟನ್ನು ಆಮೇಲೆ ಸೇರಿಸಿಕೊಂಡೆ ಎಂದು ಈಗ ಖಚಿತವಾಗಿ ಹೇಳಲಾರೆ. ಬಸ್ಸಿನ ಸದ್ದು ಜೋರಿತ್ತು. ಮೊದಲ ಮಾತು ಮಾತ್ರ ಕಲ್ಲಿನಲ್ಲಿ ಕೆತ್ತಿದಂತಿದೆ.

"ಪೂಜೆ ಚೆನ್ನಾಗಿ ಆಯ್ತಿತ್ತು ಕಣಪ್ಪ."

ನನಗೆ ಅರ್ಥವಾಗಲಿಲ್ಲ.

"ಮುಂಚೆ ಎಷ್ಟ್ ಕೂತ್ರೂ ಮನ್ಸು ಅತ್ತಗಿತ್ತ ಓಡದು. ಈಚೀಚೆಗೆ ಲಿಂಗ ಎತ್ತಿ ಹಿಡುದ್ರೆ ಸಾಕು, ಸುತ್ತ ಇರೋದೆಲ್ಲ ಕರಗೋಗದು. ಚುಕ್ಕಿ ಒಂದೇ ನಿಲ್ಲದು. ಇಷ್ಟು ವರ್ಸಕ್ಕೆ ಕೈಗತ್ತಿತು ಅನ್ಕಂಡಿದ್ದೆ."

"ಯಾರ್ಗೂ ಹೇಳ್ಲಿಲ್ವಾ ಅಪ್ಪ?"

"ಅದ್ನೆಲ್ಲ ಹೇಳ್ಕಂಡು ತಿರ್ಗಕ್ಕಾದದಾ?" ಆಮೇಲೆ ಕಿಟಕಿಯ ಕಡೆಗೇ ಮುಖವಿಟ್ಟುಕೊಂಡು ಕೇಳಿದರು: "ಅದು ಇದೇನಾ ಹಂಗಾದ್ರೆ?"

ನಾನು ಏನು ಉತ್ತರ ಕೊಟ್ಟೆ ಎಂಬುದು ನೆನಪಿಲ್ಲ. ಎಷ್ಟೋ ಸಲ ಆ ಬಸ್ಸಿನಲ್ಲಿ ಮತ್ತೆ ಹೋಗಿ ಕೂತಿದ್ದೇನೆ. ಕಪಿಲೆಯ ಸೇತುವೆ ಬರುತ್ತದೆ, ಕಂಡಕ್ಟರ್ ಸೀಟಿ ಊದುತ್ತಾನೆ, ಅಪ್ಪ ಕೇಳುತ್ತಾರೆ, ಅಲ್ಲಿಗೆ ನಿಂತುಹೋಗುತ್ತದೆ. ದೇವರನ್ನು ನಂಬದವನಿಗೆ ಆ ಪ್ರಶ್ನೆಗೆ ಉತ್ತರ ಸುಲಭವಾಗಿರಬೇಕಿತ್ತು. ಅದು ಕಾಯಿಲೆ, ಅಷ್ಟೆ. ಅದನ್ನು ಹಾಗೆಯೇ ಅಂದೆನೇ? ಅಂದಿರಲಿಕ್ಕಿಲ್ಲ ಎಂದುಕೊಳ್ಳುತ್ತೇನೆ.

ಅವತ್ತಿನಿಂದಲೇ ನಾನು ಕಣ್ಣಿನ ಔಷಧಿಯ ಸಂಶೋಧನೆಗೆ ಇಳಿದೆ ಎಂದು ತರಗತಿಗಳಲ್ಲಿ ಹೇಳಿಕೊಂಡು ಬಂದಿದ್ದೇನೆ. ಕೇಳುವ ಮಕ್ಕಳು ಗಲಾಟೆ ನಿಲ್ಲಿಸುತ್ತಾರೆ. ನಿಜಸಂಗತಿ ಅಷ್ಟು ಚೆಂದವಿಲ್ಲ. ಎರಡು ಸಾವಿರದ ಇಸವಿಯ ಆಚೀಚೆ ಎಲ್ಲರ ಬಾಯಲ್ಲೂ ನ್ಯಾನೊ ಎಂಬ ಪದ ಓಡಾಡುತ್ತಿತ್ತು, ನನ್ನ ಪಿಎಚ್.ಡಿ. ಮಾರ್ಗದರ್ಶಕರಿಗೆ ಅದರ ಮೇಲೊಂದು ಯೋಜನೆ ಸಿಕ್ಕಿತ್ತು, ಅದರಲ್ಲಿ ಮೂರು ವಿಷಯಗಳಿದ್ದವು. ಕಣ್ಣಿನದನ್ನು ನಾನು ಆರಿಸಿಕೊಂಡೆನೋ ಅದು ನನಗೆ ಉಳಿಯಿತೋ, ಯಾವುದು ಮೊದಲು ಎಂದು ಈಗ ಹೇಳುವುದು ಕಷ್ಟ. ಓದಲು ಕೂತ ಮೊದಲ ವಾರವೇ ಅಪ್ಪನ ಕಹಿ ಎದುರಿಗೆ ಬಂದು ನಿಂತದ್ದು ಮಾತ್ರ ನಿಜ.

ಕಣ್ಣು ಹೊರಗಿನಿಂದ ಬಿದ್ದದ್ದನ್ನು ತೊಳೆದುಹಾಕಲು ಸದಾ ತಯಾರಾಗಿ ಕೂತಿರುತ್ತದೆ. ಔಷಧಿಯ ಹನಿಯನ್ನೂ ಅದು ಧೂಳಿನಂತೆಯೇ ಕಾಣುತ್ತದೆ. ಒಂದು ಸಲ ರೆಪ್ಪೆ ಬಡಿದರೆ ಹನಿಯ ಬಹುಪಾಲು ಮೂಗಿನ ಕಡೆಯ ಮೂಲೆಯಲ್ಲಿರುವ ಸಣ್ಣ ತೂತಿಗೆ ಹೋಗಿ, ಅಲ್ಲಿಂದ ಮೂಗಿಗೆ, ಮೂಗಿನಿಂದ ಗಂಟಲಿಗೆ ಇಳಿಯುತ್ತದೆ. ಕಣ್ಣಿನ ಒಳಗೆ ಹೋಗುವುದು ಒಂದು ಚೂರು ಮಾತ್ರ. ಅದಕ್ಕೆ ನಾವು ಮಾಡಲು ಹೊರಟದ್ದು ಇಷ್ಟು: ಕೂದಲನ್ನು ಪಕ್ಕದಲ್ಲಿಟ್ಟರೆ ಕೂದಲೇ ಬಾವಿಹಗ್ಗದಂತೆ ಕಾಣಬೇಕು, ಅಷ್ಟು ಸಣ್ಣ ಕಣಗಳು. ಅವುಗಳ ಹೊಟ್ಟೆಯಲ್ಲಿ ಔಷಧಿ. ಕಣ್ಣಿನ ಒದ್ದೆ ಪೊರೆಗೆ ಅವು ಅಂಟಿಕೊಂಡು ಕೂತು, ಔಷಧಿಯನ್ನು ನಿಧಾನವಾಗಿ ಬಿಡಬೇಕು. ಕಣ್ಣೀರು ತೊಳೆದರೂ ಹೋಗಬಾರದು, ಗಂಟಲಿಗೆ ಇಳಿಯಬಾರದು.

ಆ ಕಣಗಳನ್ನು ಸಿಗಡಿಯ ಚಿಪ್ಪಿನಿಂದ ತೆಗೆದ ಪುಡಿಯಲ್ಲಿ ಮಾಡುತ್ತಿದ್ದೆವು. ಪುಡಿಯನ್ನು ಹುಳಿನೀರಿನಲ್ಲಿ ಕರಗಿಸಿ, ಕಲಕುತ್ತಾ, ಇನ್ನೊಂದು ದ್ರಾವಣವನ್ನು ತೊಟ್ಟು ತೊಟ್ಟಾಗಿ ಬಿಡಬೇಕು. ಕೆಟ್ಟರೆ ಒಡೆದ ಹಾಲಿನಂತೆ ಗರಣೆ ಕಟ್ಟುತ್ತದೆ. ಸರಿಯಾಗಿ ಬಂದರೆ, ತಿಳಿಯಾಗಿದ್ದ ನೀರು ಬೆಳಕಿಗೆ ಹಿಡಿದಾಗ ಇದ್ದಕ್ಕಿದ್ದಂತೆ ತೆಳು ನೀಲಿ ಹೊಡೆಯುತ್ತದೆ. ಮೊದಲ ಸಲ ನೀಲಿ ಬಂದ ದಿನ ನಾನು ಟಿ. ನರಸೀಪುರದ ಅಕ್ಕನ ಮನೆಗೆ ಫೋನು ಮಾಡಿ ಅಕ್ಕನ ಹತ್ತಿರವೂ, ಆಗ ಅಲ್ಲೇ ಇದ್ದ ಅಪ್ಪನ ಹತ್ತಿರವೂ ಹೇಳಿದ್ದೆ. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ಇದನ್ನು ಮರೆಯಲು ಬಹಳ ಪ್ರಯತ್ನ ಮಾಡಿದ್ದೇನೆ.

ಕಣ ಅಂಟುತ್ತದೆಯೇ ಎಂದು ನೋಡಲು ಮೇಕೆಯ ಕಣ್ಣು ಬೇಕಿತ್ತು. ಬೆಳಿಗ್ಗೆ ಮೈಸೂರಿನ ಮಾಂಸದ ಅಂಗಡಿಗೆ ಥರ್ಮಾಸ್ ಹಿಡಿದು ಹೋಗುತ್ತಿದ್ದೆ. "ತಲೆ ಬಿಟ್ಟು ಬರೀ ಕಣ್ಣು ಕೇಳೋ ಗಿರಾಕಿ ಊರಿಗೆಲ್ಲ ನೀವೊಬ್ರೇ ಸ್ವಾಮಿ" ಎಂದು ಅಂಗಡಿಯವನು ನಗುತ್ತಿದ್ದ. ಮನೆಯಲ್ಲಿ ಈ ಸಂಗತಿ ಯಾರಿಗೂ ಹೇಳಿರಲಿಲ್ಲ.

ಇಷ್ಟರೊಳಗೆ ಅಪ್ಪನಿಗೆ ಆಪರೇಷನ್ ಆಗಿತ್ತು. ಒತ್ತಡ ಇಳಿಯಿತು. ನರ ಆಗಲೇ ಸೋತಿತ್ತು. ಹನಿ ಹಾಕುವುದೂ ನಿಲ್ಲಲಿಲ್ಲ. ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಅಪ್ಪ ಅವ್ವ ಇಬ್ಬರೂ ಟಿ. ನರಸೀಪುರದಲ್ಲಿ ಅಕ್ಕನ ಮನೆಗೆ ಬಂದರು. ಅಕ್ಕ ಅಲ್ಲಿ ಶಾಲೆಯಲ್ಲಿ ಟೀಚರು. ಮನೆ ಹೊಳೆಗೆ ಹತ್ತಿರದ ಬೀದಿಯಲ್ಲಿ. ಕಪಿಲೆ ನಮ್ಮೂರಿಂದ ಹರಿದು ಬಂದು ಕಾವೇರಿಗೆ ಸೇರುವುದು ಅಲ್ಲೇ. "ನಮ್ಮೂರ್ ನೀರೇ ಕಣೋ ಇದು, ನಾವು ಬಸ್ಸಲ್ ಬಂದೋ, ಅದು ನಡ್ಕಂಡ್ ಬಂತು" ಎನ್ನುತ್ತಿದ್ದರು ಅಪ್ಪ.

ಹನಿ ಹಾಕಿದ ಮೇಲೆ ಕಣ್ಣಿನ ಮೂಲೆಯನ್ನು ಬೆರಳಿನಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಔಷಧಿ ಗಂಟಲಿಗೆ ಇಳಿಯುವುದಿಲ್ಲ ಎಂದು ಪುಸ್ತಕದಲ್ಲೇ ಇತ್ತು. ಅವ್ವನಿಗೆ ತೋರಿಸಿಕೊಟ್ಟೆ. ಅಂದಿನಿಂದ ಪೂಜೆಯಾದ ಮೇಲೆ ಅವರಿಬ್ಬರೂ ಜಗಲಿಯ ಮೇಲೆ ಎದುರುಬದುರು ಕೂರುವರು. ಅವ್ವ ಹನಿ ಬಿಟ್ಟು, ಕಿರುಬೆರಳನ್ನು ಅವರ ಮೂಗಿನ ಪಕ್ಕಕ್ಕೆ ಒತ್ತಿ, ಬಾಯಲ್ಲೇ ಏನೋ ಎಣಿಸುವಳು.

"ಮೂಗು ಹಿಡ್ಕಂಡ್ ಕೂತವ್ಳೆ ನೋಡ್ಲಾ ನಿಮ್ಮವ್ವ. ಮದ್ವೇಲೂ ಇಷ್ಟ್ ಹತ್ರ ಕೂತಿರ್ನಿಲ್ಲ."

"ಮಾತಾಡ್ಬ್ಯಾಡಿ ಸುಮ್ನೆ. ಎಣಿಕೆ ತಪ್ತದೆ" ಎನ್ನುವಳು ಅವ್ವ.

ಭಾನುವಾರಗಳಲ್ಲಿ ನಾನು ಮೈಸೂರಿನಿಂದ ಬಸ್ಸಿಗೆ ಬರುತ್ತಿದ್ದೆ. ಬಂದರೂ ಕೂರುತ್ತಿರಲಿಲ್ಲ. ಹೊಳೆಯ ಸೋಪಾನದವರೆಗೆ ಹೋಗಿ ಬರುವುದು, ಮತ್ತೆ ಒಳಗೆ, ಮತ್ತೆ ಹೊರಗೆ. "ಕಾಲಿಗೆ ಚಕ್ರ ಕಟ್ಕಂಡ್ ಬಂದವ್ನೆ" ಎಂದು ಅಕ್ಕ ರೇಗುತ್ತಿದ್ದಳು. ಅಪ್ಪ ಮಾತ್ರ ಪ್ರತಿ ಸಲ ಒಂದೇ ಪ್ರಶ್ನೆ ಕೇಳುತ್ತಿದ್ದರು, ಪೇಟೆ ಧಾರಣೆ ಕೇಳುವ ದನಿಯಲ್ಲಿ.

"ನಿನ್ನೌಸ್ತಿ ಎಲ್ಲಿಗ್ ಬಂತು?"

"ಇನ್ನೂ ತಡ ಆಗ್ತದೆ ಅಪ್ಪ."

"ಅದೇನ್ ಹಾಕಿ ಮಾಡೀಯ ಅದ್ನ?" ಎಂದರು ಒಂದು ಭಾನುವಾರ.

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಸಿಗಡಿ ಚಿಪ್ಪು."

ಅಡಿಗೆಮನೆಯಲ್ಲಿ ಅವ್ವನ ಕೈಯಲ್ಲಿದ್ದ ಸೌಟಿನ ಸದ್ದು ನಿಂತಿತು. "ಸಿವಸಿವಾ, ಮೀನಾ?"

"ಮೀನಲ್ಲವ್ವ, ಸಿಗಡಿ. ಅದೂ ಬರೀ ಚಿಪ್ಪು."

ಅಪ್ಪ ನನ್ನ ಕಡೆಗೆ ತಿರುಗಿದರು. "ಗಂಟ್ಲಿಗೆ ಇಳಿಯಕ್ಕಿಲ್ಲ ಅಂತೀಯಲ್ಲ?"

"ಇಳಿಯಲ್ಲ."

"ಹಂಗಾದ್ರೆ ಆಯ್ತು ಬುಡು. ಕಣ್ಣು ತಿಂದದ್ದು ನಾಲ್ಗೆಗೆ ಗೊತ್ತಾಗಕ್ಕಿಲ್ವಲ್ಲ" ಎಂದು ನಕ್ಕರು. ಅವ್ವನೂ ಕೊನೆಗೆ ನಕ್ಕಳು. ಆ ನಗುವಿನ ಬಗ್ಗೆ ನನಗೂ ಅಕ್ಕನಿಗೂ ಭಿನ್ನಾಭಿಪ್ರಾಯವಿಲ್ಲ.

ಭಿನ್ನಾಭಿಪ್ರಾಯ ಇರುವುದು ಇನ್ನು ಮುಂದಿನ ಎರಡು ಸಂಗತಿಗಳ ಬಗ್ಗೆ. ಎರಡೂ ನಡೆದವು ಎಂದು ಇಬ್ಬರೂ ಒಪ್ಪುತ್ತೇವೆ. ಯಾವುದು ಮೊದಲು ಎಂಬುದೇ ಪ್ರಶ್ನೆ.

ಒಂದು, ಸೀಸೆಯದು. ಚೆನ್ನಾಗಿ ಬಂದ ದ್ರಾವಣವನ್ನು ಬೆರಳುದ್ದದ ಗಾಜಿನ ಸೀಸೆಗೆ ಹಾಕಿ, ಬಿರಡೆ ಬಿಗಿದು, ಅಂಗಿಯ ಜೇಬಿನಲ್ಲಿಟ್ಟುಕೊಂಡು ಅಪ್ಪನಿಗೆ ತೋರಿಸಲು ತಂದಿದ್ದೆ. ಅವರ ಕಣ್ಣಿಗೆ ಹಾಕುವ ಯೋಚನೆ ಇರಲಿಲ್ಲ, ಹಾಕುವಂಥದ್ದೂ ಆಗಿರಲಿಲ್ಲ. ಅಪ್ಪ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದರು. ಸೀಸೆಯನ್ನು ಕೈಗೆ ಕೊಟ್ಟೆ. ಬೆರಳುಗಳ ನಡುವೆ ಹೊರಳಿಸಿ ನೋಡಿದರು. ಆಮೇಲೆ ಅದನ್ನು ಲಿಂಗ ಎತ್ತುವ ಹಾಗೆಯೇ ಕಣ್ಣಿನ ಮಟ್ಟಕ್ಕೆ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದರು.

"ನೀಲಿ ಹೊಡಿತಾದಲ್ಲ."

"ಹ್ಞೂಂ ಅಪ್ಪ."

"ಹಂಗಾದ್ರೆ ಸರ್ಯಾಗ್ ಬಂದದೆ. ಈಗ ಯಾರ್ಗ್ ಹಾಕೀಯ?"

"ಮೊದ್ಲು ಮೊಲಕ್ಕೆ ಹಾಕಿ ನೋಡ್ಬೇಕು."

"ಲೇ, ನಾನೇನು ಮೊಲಕ್ಕಿಂತ ಕಡೆಯೇನ್ಲಾ?"

ನಾನು ನಕ್ಕೆ. ಸೀಸೆಯನ್ನು ವಾಪಸು ಜೇಬಿಗೆ ಹಾಕಿಕೊಂಡೆ.

ಇನ್ನೊಂದು, ದೀಪದ್ದು. ಬೆಳಿಗ್ಗೆ ಅಪ್ಪ ಪೂಜೆಗೆ ಕೂತಿದ್ದರು. ಪಕ್ಕದಲ್ಲಿ ದೀಪ ಉರಿಯುತ್ತಿತ್ತು. ಲಿಂಗವನ್ನು ಎತ್ತಿ ಹಿಡಿದವರು ಹಾಗೆಯೇ ಇದ್ದರು, ಆಮೇಲೆ ಕೈಯನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಆಡಿಸಿದರು. "ಇವತ್ತು ದೀಪ ಹಚ್ಚಿಲ್ವಾ?" ಎಂದು ಕೇಳಿದರು.

ಅವ್ವ ದೀಪವನ್ನು ನೋಡಿದಳು. "ಮರ್ತ್‌ಬುಟ್ಟೆ ಕಣಿ, ತಡೀರಿ" ಅಂದಳು. ಅಡಿಗೆಮನೆಯಿಂದ ಬೆಂಕಿಪೊಟ್ಟಣ ತಂದು, ಉರಿಯುತ್ತಿದ್ದ ದೀಪದ ಪಕ್ಕದಲ್ಲಿ ಬಗ್ಗಿ, ಒಂದು ಕಡ್ಡಿ ಗೀರಿದಳು. ಸದ್ದು ಕೇಳಿಸಲೆಂದು. ಗೀರಿದ ಕಡ್ಡಿಯನ್ನು ಆರಿಸಿ ಸೆರಗಿನಲ್ಲಿ ಮುಚ್ಚಿಕೊಂಡಳು.

ಅಪ್ಪ ಸ್ವಲ್ಪ ತಡೆದರು. "ಹ್ಞಾ, ಈಗ ಸರ್ಹೋಯ್ತು" ಎಂದು ಲಿಂಗವನ್ನು ಮತ್ತೆ ಎತ್ತಿ ಹಿಡಿದರು.

ಆ ಗಂಧಕದ ವಾಸನೆ ನನ್ನ ಮೂಗಿನಲ್ಲಿದೆ. ಬಾಗಿಲ ಬಳಿ ಹಲ್ಲುಜ್ಜುತ್ತಾ ನಿಂತಿದ್ದೆ, ಬಾಯಲ್ಲಿ ನೊರೆ ಇತ್ತು, ಉಗುಳಲು ಹೋಗಲಾಗಲಿಲ್ಲ. "ನೀನೆಲ್ಲಿದ್ದೋ ಅವತ್ತು? ನೀನಿದ್ದದ್ದು ಮೈಸೂರಲ್ಲಿ. ಬಾಗ್ಲತ್ರ ನಿಂತಿದ್ದೋಳು ನಾನು. ನಾನೇ ನಿಂಗೆ ಫೋನಲ್ಲಿ ಹೇಳಿದ್ದು" ಎನ್ನುತ್ತಾಳೆ ಅಕ್ಕ. ಅವಳು ಹೇಳಿದ್ದನ್ನು ಕೇಳಿ, ಬಾಯಿಯ ನೊರೆಯನ್ನು ನಾನು ಕಟ್ಟಿಕೊಂಡಿರಬಹುದೇ? ಇರಬಹುದು. ಮನಸ್ಸು ಅಂಥ ಕೆಲಸ ಮಾಡುತ್ತದೆ.

ಅಕ್ಕನ ಲೆಕ್ಕದಲ್ಲಿ ದೀಪ ಮೊದಲು, ಸೀಸೆ ಆಮೇಲೆ. ದೀಪದ ಸಂಗತಿ ಶ್ರಾವಣದ್ದು, ಪೂಜೆಗೆ ಅವಳೇ ಪತ್ರೆ ಬಿಡಿಸಿ ತಂದಿದ್ದಳಂತೆ. ಸೀಸೆ ತಂದದ್ದು ದೀಪಾವಳಿಯ ರಜಕ್ಕೆ. ನನ್ನ ಲೆಕ್ಕದಲ್ಲಿ ಸೀಸೆ ತಂದದ್ದು ಅದಕ್ಕೂ ಹಿಂದಿನ ಬೇಸಿಗೆಯಲ್ಲಿ. ತಾರಸಿಯ ಮೇಲೆ ಅವ್ವ ಸಂಡಿಗೆ ಒಣಗಿಸುತ್ತಿದ್ದದ್ದು ನನಗೆ ನೆನಪಿದೆ. "ಬಿಸ್ಲು ಕಂಡ್ರೆ ಸಾಕು, ಯಾವ ತಿಂಗ್ಳಾದ್ರೂ ಅವ್ವ ಸಂಡ್ಗೆ ಇಡೋಳು. ಅದೊಂದು ಸಾಕ್ಷಿಯಾ?" ಎನ್ನುತ್ತಾಳೆ ಅವಳು. ಅಲ್ಲ. ಸಾಕ್ಷಿಯಲ್ಲ.

ಅಪ್ಪ ತೀರಿಕೊಂಡ ಮೇಲೆ, ಅವ್ವ ಇನ್ನೂ ಇದ್ದಾಗ, ಒಮ್ಮೆ ಕೇಳಿದೆ. ನೀಲಿ ಅಂದರಲ್ಲ, ಅವತ್ತು ಅವರಿಗೆ ಕಾಣುತ್ತಿತ್ತೇ?

ಅವ್ವ ಅಕ್ಕಿ ಆರಿಸುತ್ತಿದ್ದಳು. "ಅವ್ರು ನೋಡುದ್ರೋ ಬುಟ್ರೋ ನಂಗೊತ್ತಿಲ್ಲ ಕಣಪ್ಪ. ನಿನ್ ಮೊಕ ಖುಷೀಲಿ ಕೆಂಪಗಾಗಿತ್ತು. ಅದ್ನ ನಾ ನೋಡ್ದೆ."

ನನ್ನ ಪ್ರಬಂಧ ಮುಗಿಯಿತು. ಮೇಕೆಯ ಕಣ್ಣಿಗೆ ಕಣಗಳು ಚೆನ್ನಾಗಿಯೇ ಅಂಟಿದವು. ಮೊಲದ ಹಂತವನ್ನು ದಾಟಿ ಅದು ಯಾವ ಮನುಷ್ಯನ ಕಣ್ಣಿಗೂ ಬರಲಿಲ್ಲ. ಬಂದಿದ್ದರೂ ಅಪ್ಪನಿಗೆ ಹೋದದ್ದು ಮರಳುತ್ತಿರಲಿಲ್ಲ. ಆ ಲೆಕ್ಕ ನನಗೆ ಗೊತ್ತು, ಅದನ್ನು ಯಾವ ಬೇಸರವೂ ಇಲ್ಲದೆ ಹೇಳಬಲ್ಲೆ. ಬಗೆಹರಿಯದೆ ಉಳಿದಿರುವುದು ಆ ಕಿಟಕಿ, ಆ ಕುರ್ಚಿ, ಎತ್ತಿ ಹಿಡಿದ ಆ ಕೈ. ಸರಿಯಾಗಿ ಬಂದರೆ ನೀಲಿ ಹೊಡೆಯುತ್ತದೆ ಎಂದು ಫೋನಿನಲ್ಲಿ ಅವರಿಗೆ ಮೊದಲೇ ಹೇಳಿದ್ದವನು ನಾನೇ. ಆದರೂ ಸೀಸೆಯನ್ನು ನೇರವಾಗಿ ಬೆಳಕಿನ ಕಡೆಗೇ ಹಿಡಿದರಲ್ಲ, ಕಾಣದವರು ಹಾಗೆ ಹಿಡಿಯುತ್ತಾರೆಯೇ ಎಂದು ಅಕ್ಕನೊಡನೆ ಬಹಳ ವರ್ಷ ವಾದ ಮಾಡಿದೆ.

ಮೊನ್ನೆ ಅವಳ ಮನೆಗೆ ಹೋಗಿದ್ದಾಗ ಅದೇ ಜಾಗದಲ್ಲಿ ಕುರ್ಚಿ ಹಾಕಿಕೊಂಡು, ಕಣ್ಣು ಮುಚ್ಚಿ ಕೂತು ನೋಡಿದೆ. ಕಿಟಕಿ ಎಲ್ಲಿದೆ ಎಂದು ತಿಳಿಯಲು ಕಣ್ಣು ಬೇಕಾಗಲಿಲ್ಲ. ಬಿಸಿಲು ಕೆನ್ನೆಯ ಮೇಲೆ ಬೀಳುತ್ತಿತ್ತು.